ಎರಡು ಗರ್ಭಗಳ ನಡುವೆ ಯಾರೂ ನೋಡದ ಸಕ್ಕರೆ

ಹೆಣ್ಣುಮಗಳು ಗರ್ಭಿಣಿ ಎಂದು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾಳೆ. ತಾಯಿ ಕಾರ್ಡ್ ಆಗುತ್ತದೆ. ತೂಕ, ಬಿಪಿ, ಹಿಮೋಗ್ಲೋಬಿನ್ ಅದರಲ್ಲಿ ದಾಖಲಾಗುತ್ತವೆ. ನಾಲ್ಕನೇ ತಿಂಗಳು ಹಿಡಿದ ಮೇಲೆ ಪ್ರತಿ 9ನೇ ತಾರೀಖಿಗೆ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯೂ ಇದೆ. ಆದರೆ ಎಂಟು-ಹತ್ತನೇ ವಾರಕ್ಕೇ ಗರ್ಭ ಹೋದರೆ ಆ ಕಾರ್ಡು ಅಲ್ಲಿಗೇ ನಿಲ್ಲುತ್ತದೆ. ಇನ್ನು ಶುಗರ್, ಬಿಪಿ ಹುಡುಕುವ ಸರಕಾರಿ ತಪಾಸಣೆ ಇರುವುದು 30 ವರ್ಷ ತುಂಬಿದವರಿಗೆ. ಇಂಡಿಯಲ್ಲೋ ಹುನಗುಂದದಲ್ಲೋ ಗೋಕಾಕದಲ್ಲೋ ಹತ್ತೊಂಬತ್ತು-ಇಪ್ಪತ್ತಕ್ಕೆ ಮದುವೆಯಾಗಿ, ಇಪ್ಪತ್ತೈದರೊಳಗೆ ಎರಡು-ಮೂರು ಗರ್ಭ ಕಳೆದುಕೊಂಡ ಹೆಣ್ಣುಮಗಳು ಈ ಎರಡೂ ಲೆಕ್ಕದಲ್ಲಿ ಇರುವುದಿಲ್ಲ. ಆಕೆಯ ಸಕ್ಕರೆ, ಥೈರಾಯ್ಡ್, ಸೊಂಟದ ಅಳತೆ ನೋಡಲು ಸರಿಯಾದ ಹೊತ್ತು ಮಾತ್ರ ಅದೇ, ಒಂದು ಗರ್ಭ ಹೋಗಿ ಇನ್ನೊಂದು ನಿಲ್ಲುವ ಮೊದಲಿನ ಅವಧಿ.

ಯಾಕೆಂದರೆ ಗರ್ಭ ನಿಂತ ಮೇಲೆ ಕೈಗೆ ಸಿಗುವ ಸಮಯ ಬಹಳ ಕಡಿಮೆ. ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಭ್ರೂಣದ ಮೆದುಳು-ಬೆನ್ನುಹುರಿಯ ನಳಿಕೆ ಮುಚ್ಚಿ, ಹೃದಯ ಬಡಿಯಲು ಶುರುವಾಗಿರುತ್ತದೆ. ಹೆಚ್ಚಿನವರು ಮೊದಲ ಸಲ ಡಾಕ್ಟರ ಹತ್ತಿರ ಹೋಗುವುದೇ ಇದಾದ ಮೇಲೆ. ಅಂಡಾಣುವಿನ ಕತೆ ಇನ್ನೂ ಹಿಂದಿನದು: ಈ ತಿಂಗಳು ಬಿಡುಗಡೆಯಾಗುವ ಅಂಡಾಣು ಕೊನೆಯ ಹಂತದ ಬೆಳವಣಿಗೆ ಶುರು ಮಾಡಿ ಆಗಲೇ ಸುಮಾರು ಮೂರು ತಿಂಗಳಾಗಿರುತ್ತದೆ. ಆ ಮೂರು ತಿಂಗಳು ತಾಯಿಯ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಎಷ್ಟಿತ್ತೋ ಅದರಲ್ಲೇ ಅದು ಬೆಳೆದದ್ದು. ಗರ್ಭಿಣಿಯಾದ ಮೇಲೆ ಶುಗರ್ ಹಿಡಿತಕ್ಕೆ ತರುತ್ತೇವೆ ಎಂಬುದು ಮಳೆ ಮುಗಿದ ಮೇಲೆ ಬಿತ್ತಿದ ಹಾಗೆ.

ಹಾಗೆಂದು ಎಲ್ಲ ಗರ್ಭಪಾತವನ್ನೂ ಸಕ್ಕರೆಯ ತಲೆಗೆ ಕಟ್ಟಲಾಗದು. ಗೊತ್ತಾದ ಗರ್ಭಗಳಲ್ಲೇ ನೂರಕ್ಕೆ ಸುಮಾರು 15 ತಾವಾಗಿಯೇ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದು. ತಾಯಿಯ ವಯಸ್ಸು ಏರಿದಂತೆ ಆ ಪಾಲು ಇನ್ನೂ ಏರುತ್ತದೆ. ಎರಡು ಅಥವಾ ಹೆಚ್ಚು ಸಲ ಹೋದರೆ ಅದನ್ನು ಮರುಕಳಿಸುವ ಗರ್ಭಪಾತ ಎಂದು ಪರಿಗಣಿಸಿ ತಪಾಸಣೆ ಶುರು ಮಾಡಬೇಕೆಂಬುದು ಈಗ ಹೆಚ್ಚಿನ ಮಾರ್ಗಸೂಚಿಗಳ ನಿಲುವು. ಮೂರನೆಯದು ಹೋಗಲಿ ಎಂದು ಕಾಯುವ ಹಳೆ ರೂಢಿ ಬಿಡಬಹುದು. ಎಲ್ಲ ತಪಾಸಣೆ ಮಾಡಿದರೂ ಅರ್ಧದಷ್ಟು ದಂಪತಿಗಳಲ್ಲಿ ಕಾರಣ ಸಿಗುವುದಿಲ್ಲ. ಕಾರಣ ಸಿಗದವರಲ್ಲೂ ಬಹುಪಾಲು ಮಂದಿಗೆ ಮುಂದೆ ಮಗು ಆಗುತ್ತದೆ. ಇದನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ "ನೀ ಪಪ್ಪಾಯಿ ತಿಂದಿ, ಉಷ್ಣ ಆಗಿ ಹೋತು", "ಬಸ್ಸಿನ್ಯಾಗ ಯಾಕ ಹೋಗಿದ್ದಿ" ಎನ್ನುವ ಅತ್ತೆ-ನಾದಿನಿಯರ ಪಟ್ಟಿಗೆ "ನಿನ್ನ ಶುಗರ್‌ನಿಂದಲೇ ಹೋತು" ಎಂಬುದೂ ಸೇರುತ್ತದೆ. ಬಸ್ಸು, ಹೊಲದ ಕೆಲಸ, ಒಂದು ಹೋಳು ಹಣ್ಣು, ಇವು ಗರ್ಭ ಇಳಿಸುವುದಿಲ್ಲ.

ಸಕ್ಕರೆಗೆ ಇಷ್ಟು ಜಾಗ ಕೊಡಲು ಕಾರಣ ಬೇರೆ. ಕ್ರೋಮೋಸೋಮನ್ನು, ವಯಸ್ಸನ್ನು ಬದಲಿಸಲಾಗದು. ಇದನ್ನು ಬದಲಿಸಬಹುದು, ತಪಾಸಣೆಯೂ ಅಗ್ಗ. ಪುರಾವೆ ಮಾತ್ರ ಎಲ್ಲದಕ್ಕೂ ಒಂದೇ ತೂಕದ್ದಲ್ಲ. ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ ಗರ್ಭಪಾತವನ್ನೂ ಹುಟ್ಟುವ ಮಗುವಿನ ಅಂಗವೈಕಲ್ಯವನ್ನೂ ಹೆಚ್ಚಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಚಿಕಿತ್ಸೆಯಿಲ್ಲದ ಥೈರಾಯ್ಡ್ ಕೊರತೆಯದೂ ಹಾಗೆಯೇ. ಬೊಜ್ಜು ಅಪಾಯ ಹೆಚ್ಚಿಸುತ್ತದೆ. ದಪ್ಪಗಿರುವವರಲ್ಲಿ ಕ್ರೋಮೋಸೋಮ್ ಸರಿಯಿದ್ದ ಗರ್ಭಗಳೂ ಹೆಚ್ಚು ಹೋಗುತ್ತವೆ. ಪಿಸಿಓಎಸ್ (ಮುಟ್ಟು ಏರುಪೇರಾಗುವ ಅಂಡಾಶಯದ ಹಾರ್ಮೋನು ತೊಂದರೆ) ಮತ್ತು ಇನ್ಸುಲಿನ್ ಪ್ರತಿರೋಧದ (ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ವಿಷಯಕ್ಕೆ ಬಂದರೆ ನಂಟು ಕಾಣುತ್ತದೆ, ಆದರೆ ಅದನ್ನು ಇಳಿಸಿದರೆ ಗರ್ಭ ನಿಲ್ಲುತ್ತದೆ ಎಂದು ಗಟ್ಟಿಯಾಗಿ ಸಾಬೀತಾಗಿಲ್ಲ. ಇನ್ಸುಲಿನ್ ಹೆಚ್ಚಿದಾಗ ಅಂಡಾಶಯದಲ್ಲಿ ಪುರುಷ ಹಾರ್ಮೋನು ಏರುತ್ತದೆ, ಗರ್ಭಕೋಶದ ಒಳಪದರ ಭ್ರೂಣ ಹಿಡಿದುಕೊಳ್ಳಲು ಸರಿಯಾಗಿ ಸಿದ್ಧವಾಗುವುದಿಲ್ಲ, ಹೆಪ್ಪುಗಟ್ಟಿದ ರಕ್ತ ಕರಗುವ ವೇಗ ಕುಗ್ಗುತ್ತದೆ. ಈ ವಿವರಣೆ ತರ್ಕಬದ್ಧವಾಗಿದೆ, ಅಷ್ಟೇ.

ತೆಳ್ಳಗಿದ್ದೇನೆ, ನನಗೇಕೆ ಶುಗರ್ ಎನ್ನುವವರು ಈ ಭಾಗದಲ್ಲಿ ಬಹಳ. ಭಾರತೀಯರಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುತ್ತದೆ. ಅದಕ್ಕೇ ನಮಗೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) ಗಡಿ ಬೇರೆ: 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 152 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳು 58 ಕೆಜಿ ಇದ್ದರೆ ನೋಡುವವರಿಗೆ "ಮೈ ತುಂಬಿಕೊಂಡಾಳ" ಅನಿಸಬಹುದು. ಆಕೆಯ ಬಿಎಂಐ 25.1. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಅಳೆಯುವಾಗ ಹೆಚ್ಚಿನವರು ಟೇಪನ್ನು ಲಂಗದ ಲಾಡಿ ಕಟ್ಟುವ ಜಾಗಕ್ಕೆ ಸುತ್ತುತ್ತಾರೆ; ಅಲ್ಲಿ ಹೊಟ್ಟೆ ಮೊದಲೇ ಬಿಗಿದಿರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯೆ, ಬರಿ ಮೈಮೇಲೆ, ನಿಂತುಕೊಂಡು, ಉಸಿರು ಸಹಜವಾಗಿ ಬಿಟ್ಟ ಕೊನೆಗೆ ಅಳೆಯಬೇಕು.

ಈಗ ರಕ್ತ ಪರೀಕ್ಷೆ. ನಮ್ಮ ಕಡೆ ಹೆಚ್ಚು ಎಡವುವುದು ಇಲ್ಲೇ. ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿ ಒಂದನ್ನೇ ಮಾಡಿಸಿ, 5.6 ಬಂತು, ಶುಗರ್ ಇಲ್ಲ ಎಂದು ಚೀಟಿ ಮಡಚುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಸಕ್ಕರೆಯನ್ನು. ಆ ಕಣದ ಆಯುಸ್ಸೇ ಏರುಪೇರಾದರೆ ಲೆಕ್ಕವೂ ತಪ್ಪುತ್ತದೆ. ಕಬ್ಬಿಣ ಕೊರತೆಯ ರಕ್ತಹೀನತೆಯಲ್ಲಿ ಅದು ಸುಳ್ಳೇ ಏರುತ್ತದೆ. ಗರ್ಭ ಹೋದಾಗ ಬಹಳ ರಕ್ತ ಹೋಗಿ, ಒಂದೆರಡು ಬಾಟಲಿ ರಕ್ತ ಏರಿಸಿದ್ದರೆ ಸುಳ್ಳೇ ಇಳಿಯಬಹುದು. ಗರ್ಭಪಾತವಾಗಿ ಮೂರು ತಿಂಗಳು ತುಂಬುವ ಮೊದಲು ಬಂದ ಎಚ್‌ಬಿಎ1ಸಿಯನ್ನು ಒಂಟಿಯಾಗಿ ನಂಬಬಾರದು.

ನಂಬಲರ್ಹವಾದದ್ದು 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ಮೂರು ದಿನ ಮೊದಲಿಂದ ಎಂದಿನ ಊಟ ಮಾಡಬೇಕು. "ನಾಳೆ ಟೆಸ್ಟ್" ಎಂದು ಹಿಂದಿನ ಎರಡು ದಿನ ರೊಟ್ಟಿ ಬಿಟ್ಟರೆ ಫಲಿತಾಂಶ ಕೆಡುತ್ತದೆ. ರಾತ್ರಿ ಊಟವಾಗಿ ಕನಿಷ್ಠ ಎಂಟು ತಾಸು ಬರೀ ನೀರು. ಬೆಳಗ್ಗೆ ಮೊದಲ ರಕ್ತ, ಆಮೇಲೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ ಐದು-ಹತ್ತು ನಿಮಿಷದಲ್ಲಿ ಕುಡಿಯುವುದು, ಕುಡಿಯಲು ಶುರು ಮಾಡಿದ ಎರಡು ತಾಸಿಗೆ ಮತ್ತೆ ರಕ್ತ. ಆ ಎರಡು ತಾಸು ಅಲ್ಲೇ ಕೂರಬೇಕು. ಸಂತೆ ಮುಗಿಸಿ ಬಂದರೆ ನಡೆದಾಡಿದ ಸ್ನಾಯುಗಳು ಸಕ್ಕರೆ ತಿಂದುಬಿಟ್ಟಿರುತ್ತವೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಅಥವಾ ಎರಡು ತಾಸಿಗೆ 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ತಾಸಿಗೆ 200 ಮುಟ್ಟಿದರೆ ಕಾಯಿಲೆ. ಗರ್ಭಿಣಿಗೆ ಲೆಕ್ಕ ಬೇರೆ. ನಮ್ಮ ಸರಕಾರಿ ಪದ್ಧತಿಯಲ್ಲಿ ಉಂಡಿರಲಿ ಬಿಡಲಿ 75 ಗ್ರಾಂ ಕುಡಿಸಿ ಎರಡು ತಾಸಿಗೆ 140 ಬಂದರೇ ಗರ್ಭಾವಸ್ಥೆಯ ಮಧುಮೇಹ.

ಇನ್ನೊಂದು ಕಣ್ಣಿಗೆ ಕಾಣದ ತಪ್ಪು ಸಾಗಾಟದಲ್ಲಿದೆ. ತಾಲೂಕು ಊರಿನಲ್ಲಿ ರಕ್ತ ತೆಗೆದು, ಮಧ್ಯಾಹ್ನದ ಬಸ್ಸಿಗೆ ಜಿಲ್ಲೆಗೋ ಹುಬ್ಬಳ್ಳಿಗೋ ಕಳಿಸುವ ಕಲೆಕ್ಷನ್ ಸೆಂಟರ್‌ಗಳು ಈಗ ಊರೂರಿಗೆ. ತೆಗೆದ ರಕ್ತದಲ್ಲಿನ ಕಣಗಳು ಟ್ಯೂಬಿನೊಳಗೂ ಸಕ್ಕರೆ ಬಳಸುತ್ತಲೇ ಇರುತ್ತವೆ. ತಾಸಿಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ, ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ನಿಜಕ್ಕೂ 128 ಇದ್ದದ್ದು ಎರಡು ತಾಸು ತಡವಾದರೆ 113 ಎಂದು ಬರಬಹುದು. ಕಾಯಿಲೆ ಕಾಗದದ ಮೇಲೆ ಮಾಯ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ತೆಗೆದಿದ್ದಾರೆಯೇ, ರಕ್ತವನ್ನು ಅಲ್ಲೇ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ (ಕಣಗಳಿಲ್ಲದ ದ್ರವ) ಬೇರೆ ಮಾಡುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಈ ಒಂದು ಪರೀಕ್ಷೆಗಾದರೂ ಪ್ರಯೋಗಾಲಯ ಇರುವ ಕಡೆಗೇ ಹೋಗುವುದು ಒಳ್ಳೆಯದು. ಬೆಳಗಾವಿ ಬಿಮ್ಸ್, ವಿಜಯಪುರದ ಜಿಲ್ಲಾಸ್ಪತ್ರೆ, ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಆಯಿತು.

ಸಕ್ಕರೆ ಕಾಯಿಲೆ ಇದೆಯೆಂದು ತಿಳಿದವರು ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬರುವವರೆಗೆ ಗರ್ಭ ಮುಂದೂಡಬೇಕು. 10 ದಾಟಿದ್ದರೆ ಗರ್ಭ ಧರಿಸುವುದೇ ಬೇಡವೆಂದು ಬ್ರಿಟನ್ನಿನ ಮಾರ್ಗಸೂಚಿ ಖಡಾಖಂಡಿತ ಹೇಳುತ್ತದೆ. ಮುಂದೂಡುವುದೆಂದರೆ ನಿರೋಧ್ ಅಥವಾ ವೈದ್ಯರು ಹೇಳಿದ ಬೇರೆ ವಿಧಾನ. ಗರ್ಭಪಾತವಾಗಿ ಎರಡು-ಮೂರು ವಾರಕ್ಕೇ ಅಂಡಾಣು ಬಿಡುಗಡೆಯಾಗಬಹುದು, ಮುಟ್ಟು ಬರಲಿ ನೋಡೋಣ ಎಂದು ಕೂತರೆ ಆ ಮೂರು ತಿಂಗಳು ಕೈತಪ್ಪುತ್ತದೆ. ಸಕ್ಕರೆ, ಥೈರಾಯ್ಡ್ ಎಲ್ಲ ಸರಿ ಇರುವವರು ಆರು ತಿಂಗಳು ಕಾಯಲೇಬೇಕೆಂದಿಲ್ಲ.

ಥೈರಾಯ್ಡ್ ಸರಳ, ಆದರೆ ಮಾತ್ರೆ ತೆಗೆದುಕೊಳ್ಳುವ ರೀತಿಯಲ್ಲೇ ಹಾಳಾಗುತ್ತದೆ. ಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ, ಚಹಾಕ್ಕೂ ಅರ್ಧದಿಂದ ಒಂದು ತಾಸು ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ತಾಸು ಅಂತರ. ಬೆಳಗಿನ ಚಹಾದ ಜೊತೆ ಮೂರನ್ನೂ ಒಟ್ಟಿಗೆ ನುಂಗಿದರೆ ಔಷಧಿ ಪೂರ್ತಿ ಮೈಗೆ ಹತ್ತುವುದಿಲ್ಲ, ಡೋಸು ಏರುತ್ತಲೇ ಹೋಗುತ್ತದೆ. ಡಬ್ಬಿಯನ್ನು ಒಲೆಯ ಪಕ್ಕದ ಕಪಾಟಿನಲ್ಲೋ ಬಿಸಿಯಾಗುವ ಫ್ರಿಜ್ಜಿನ ತಲೆಯ ಮೇಲೋ ಇಡಬೇಡಿ. ಚಿಕಿತ್ಸೆಯಲ್ಲಿರುವವರಿಗೆ ಗರ್ಭಕ್ಕೆ ಮೊದಲು ಟಿಎಸ್‌ಎಚ್ (ಥೈರಾಯ್ಡ್ ಕೆಲಸ ತಿಳಿಸುವ ರಕ್ತ ಪರೀಕ್ಷೆ) 2.5ರ ಒಳಗಿರಬೇಕು. ಆದರೆ ಮೊದಲಿಂದ ಕಾಯಿಲೆಯೇ ಇಲ್ಲದವಳಿಗೆ ಟಿಎಸ್‌ಎಚ್ 3 ಬಂತೆಂದು ಮಾತ್ರೆ ಬರೆಯುವುದಕ್ಕೆ ಆಧಾರವಿಲ್ಲ. ಥೈರಾಯ್ಡ್ ವಿರೋಧಿ ಪ್ರತಿಕಾಯ (ಮೈಯೇ ತನ್ನ ಥೈರಾಯ್ಡ್ ವಿರುದ್ಧ ತಯಾರಿಸುವ ಅಂಶ) ಇದ್ದು, ಹಾರ್ಮೋನು ಸರಿ ಇರುವವರಿಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಮಗು ಉಳಿಯುವ ಪ್ರಮಾಣ ಏರಲಿಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಭ್ರಮೆ: ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಬರುವುದಿಲ್ಲ. ವಿಜಯಪುರದ ಮಾಲ್ದಂಡಿ ಜೋಳ ಒಳ್ಳೆಯ ಧಾನ್ಯವೇ, ಆದರೆ 45 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 30 ಗ್ರಾಂ ಪಿಷ್ಟ ಇದೆ. ಹೊಲದಲ್ಲಿ ದಿನವಿಡೀ ದುಡಿದವಳು ಹೊತ್ತಿಗೆ ನಾಲ್ಕು ತಿಂದರೆ ನಡೆದೀತು. ಬಾಗಲಕೋಟೆಯ ನವನಗರದ ಮನೆಯಲ್ಲಿ ಕುಳಿತವಳಿಗೆ ಅದೇ ನಾಲ್ಕರ ಮೇಲೆ ಅನ್ನ-ಸಾರು ಎಂದರೆ ಹೊತ್ತಿಗೆ 150 ಗ್ರಾಂ ದಾಟುತ್ತದೆ. ರೊಟ್ಟಿ ಬಿಡುವುದು ಬೇಡ. ಎರಡಕ್ಕೆ ಇಳಿಸಿ, ಅನ್ನ ಅಥವಾ ರೊಟ್ಟಿ ಒಂದೇ ಇರಲಿ, ತಾಟಿನ ಖಾಲಿ ಜಾಗಕ್ಕೆ ಮಡಕಿಕಾಳಿನ ಅಥವಾ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಮೆಂತ್ಯಪಲ್ಯ, ಹಸಿ ಸೌತೆಕಾಯಿ, ಗಟ್ಟಿ ಮೊಸರು ಬರಲಿ. ಪಲ್ಯ-ಕಾಳು ಮೊದಲು ತಿಂದು ರೊಟ್ಟಿ ಆಮೇಲೆ ಮುರಿದರೆ ಊಟದ ನಂತರದ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಶೇಂಗಾ ಚಟ್ನಿಗೆ ಹೆದರಬೇಕಿಲ್ಲ, ಚಮಚದ ಲೆಕ್ಕ ಇರಲಿ. ದಿನಕ್ಕೆ 50 ಗ್ರಾಂ ಹತ್ತಿರ ಪ್ರೋಟೀನ್ ಬೇಕು; ಒಂದು ಹಿಡಿ ಒಣ ಬೇಳೆ ಅಂದರೆ 30 ಗ್ರಾಂನಲ್ಲಿ ಏಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು. ರೊಟ್ಟಿಯಲ್ಲೂ ಒಂದಿಷ್ಟಿದೆ, ಆದರೆ ತೆಳ್ಳನೆ ಸಾರಿನಿಂದ ಉಳಿದದ್ದು ತುಂಬುವುದಿಲ್ಲ.

ಚಹಾ ಬೇರೆಯೇ ಲೆಕ್ಕ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ನಾಲ್ಕಾದರೆ 40 ಗ್ರಾಂ. "ನಾವು ಸಕ್ಕರಿ ಬಿಟ್ಟೇವಿ, ಮಹಾಲಿಂಗಪುರದ ಬೆಲ್ಲ ಹಾಕತೀವಿ" ಎಂದರೆ ರಕ್ತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲ್ಲದ ಬಹುಭಾಗವೂ ಅದೇ ಕಬ್ಬಿನ ಸಕ್ಕರೆ. ಸೋಮವಾರ, ಏಕಾದಶಿ ಎಂದು ಉಪವಾಸ ಮಾಡಿ ಸಾಬೂದಾಣಿ ಖಿಚಡಿ ತಿಂದರೆ ಅದು ಬಹುತೇಕ ಬರೀ ಪಿಷ್ಟ, ಅದರಲ್ಲಿರುವ ಶೇಂಗಾ ಒಂದೇ ಸಮಾಧಾನ. ಗರ್ಭ ಹೋದವಳಿಗೂ ಬಾಣಂತಿಯಂತೆ ಅಂಟಿನ ಉಂಡಿ, ಅಮೀನಗಡದ ಕರದಂಟು, ಅಳ್ವಿ ಪಾಯಸ ತಿನ್ನಿಸುವ ತವರಿನ ಪ್ರೀತಿಗೆ ಬೇಡ ಎನ್ನುವುದು ಕಷ್ಟ. ಆದರೂ ಶುಗರ್ ಇದ್ದವಳಿಗೆ ತಿಂಗಳಿಡೀ ಅದು ಔಷಧಿಯಲ್ಲ. ರಕ್ತ ಹೋಗಿದೆಯೆಂದರೆ ಬೇಕಾದದ್ದು ಕಬ್ಬಿಣದ ಮಾತ್ರೆ, ಕಾಳು, ಸೊಪ್ಪು, ತಿನ್ನುವ ಮನೆಯಾದರೆ ಮಾಂಸ.

ತೂಕ ಹೆಚ್ಚಿದ್ದರೆ ಮೊದಲ ಗುರಿ ಶೇ 5. 58 ಕೆಜಿಯವಳಿಗೆ ಮೂರು ಕೆಜಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರ ಬೀಳುವ ಕಸರತ್ತು. ಊಟವಾಗಿ ಹತ್ತು-ಹದಿನೈದು ನಿಮಿಷ ನಡೆದರೆ ಆ ಊಟದ ಸಕ್ಕರೆಗೇ ಕಡಿವಾಣ. ಬೇಗ ಇಳಿಸಬೇಕೆಂದು ಒಂದೊತ್ತು ಬಿಡುವುದು ಬೇಡ. ತೂಕ ಕಡಿಮೆ ಇರುವವರಲ್ಲೂ ಗರ್ಭಪಾತ ಹೆಚ್ಚು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಪಾಲ್ಗೊಂಡ ಬಹುರಾಷ್ಟ್ರೀಯ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಗರ್ಭಕ್ಕೆ ಮೂರು ತಿಂಗಳ ಮೊದಲೇ ಪೌಷ್ಟಿಕ ಪೂರಕ ಶುರು ಮಾಡಿದ ತಾಯಂದಿರ ಮಕ್ಕಳು, ಪೂರಕ ಪಡೆಯದವರ ಮಕ್ಕಳಿಗಿಂತ ಹುಟ್ಟುವಾಗ ಉದ್ದವಿದ್ದರು. ಅದು ಗರ್ಭಪಾತದ ಅಧ್ಯಯನವಲ್ಲ, ಆದರೆ ಗರ್ಭಕ್ಕೆ ಮೊದಲಿನ ತಿಂಗಳುಗಳಲ್ಲಿ ಕೆಲಸ ಶುರು ಮಾಡಬಹುದು ಎಂಬುದಕ್ಕೆ ನಮ್ಮದೇ ಹಳ್ಳಿಗಳ ಪುರಾವೆ.

ಔಷಧಿಗಳ ಪಟ್ಟಿಯನ್ನು ಈ ಅವಧಿಯಲ್ಲೇ ತಿದ್ದಬೇಕು. ಫೋಲಿಕ್ ಆಸಿಡ್ ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ, ಸಕ್ಕರೆ ಕಾಯಿಲೆ ಇದ್ದವರಿಗೆ 5 ಮಿಲಿಗ್ರಾಂ, ಗರ್ಭಕ್ಕೆ ಮೂರು ತಿಂಗಳ ಮೊದಲಿಂದ. ಕೊಲೆಸ್ಟರಾಲಿನ ಸ್ಟ್ಯಾಟಿನ್, ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ಗಳಿಗೆ ಬದಲಿ ಬೇಕು. ತಾವಾಗಿ ನಿಲ್ಲಿಸದೆ ವೈದ್ಯರಿಂದ ಬದಲಿಸಿಕೊಳ್ಳಿ. ಈಗ ಬೆಳಗಾವಿಯಂಥ ಊರಿಗೂ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಸೆಮಾಗ್ಲುಟೈಡ್ ಅನ್ನು ಗರ್ಭಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ನಿಲ್ಲಿಸಬೇಕು. ಟಿರ್ಜೆಪಟೈಡ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಗುಳಿಗೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಶುರು ಮಾಡಿದ ಮತ್ತು ಡೋಸು ಏರಿಸಿದ ಪ್ರತಿ ಸಲ ನಾಲ್ಕು ವಾರ ನಿರೋಧ್ ಕೂಡ ಬೇಕು. ಮೆಟ್‌ಫಾರ್ಮಿನ್ ಸಕ್ಕರೆಗೆ ಒಳ್ಳೆಯದು, ಗರ್ಭಪಾತ ತಡೆಯುವ ಮಾತ್ರೆಯೆಂದು ಸಾಬೀತಾಗಿಲ್ಲ. ರಾತ್ರಿ ಊಟದ ಜೊತೆ 500 ಮಿಲಿಗ್ರಾಂನಿಂದ ಶುರು ಮಾಡಿ ವಾರಕ್ಕೊಮ್ಮೆ ಏರಿಸಿದರೆ ಭೇದಿ, ವಾಕರಿಕೆ ಕಡಿಮೆ. ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯುತ್ತದೆ. ಮೊದಲೇ ಶಾಕಾಹಾರಿ ಮನೆಯವರು ಅದನ್ನು ಪರೀಕ್ಷಿಸಿಕೊಳ್ಳಬೇಕು.

ಹಣ ಸುಮ್ಮನೆ ಹೋಗುವುದು ಬೇರೆ ಕಡೆ. ರುಬೆಲ್ಲಾದಂಥ ಕೆಲವು ಸೋಂಕು ಹುಡುಕುವ ಟಾರ್ಚ್ ಪರೀಕ್ಷೆಯಲ್ಲಿ ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಬಂದರೆ ಯಾವಾಗಲೋ ಸೋಂಕು ಬಂದು ಹೋಗಿದೆ ಎಂದಷ್ಟೇ ಅರ್ಥ. ಮರುಕಳಿಸುವ ಗರ್ಭಪಾತಕ್ಕೆ ಅದನ್ನು ಮಾಡಿಸುವ ಅಗತ್ಯವೇ ಇಲ್ಲ, ಆದರೂ ಮೊದಲ ಚೀಟಿಯಲ್ಲೇ ಅದು ಇರುತ್ತದೆ. ಕಾರಣ ತಿಳಿಯದ ಎಲ್ಲರಿಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ದಿನಾ ಚುಚ್ಚುವುದರಿಂದ ಲಾಭವಿಲ್ಲವೆಂದು 2010ರಲ್ಲೇ ತೋರಿಸಲಾಗಿದೆ. ಅದು ಬೇಕಾಗುವುದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಮೈಯ ಪ್ರತಿಕಾಯಗಳಿಂದ ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಕಾಯಿಲೆ) ಇದ್ದವರಿಗೆ, ಕಡಿಮೆ ಡೋಸಿನ ಆಸ್ಪಿರಿನ್ ಜೊತೆ. ಈ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು: ಲೂಪಸ್ ಆಂಟಿಕೋಆಗುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್, ಮೂರೂ, ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ. ಒಂದೇ ಸಲದ ಫಲಿತಾಂಶಕ್ಕೆ ಹಣೆಪಟ್ಟಿ ಕಟ್ಟಬಾರದು. ಗರ್ಭಕೋಶದೊಳಗೆ ಅಡ್ಡಗೋಡೆ ಇದೆಯೇ ಎಂದು ಸ್ಕ್ಯಾನ್ ಕೂಡ ಒಮ್ಮೆ ಆಗಲಿ.

ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಈ ತಪಾಸಣೆ ಮಾಡುವುದು ಅರ್ಧ ಕೆಲಸ. ವೀರ್ಯಾಣು ತಯಾರಾಗಲು ಸುಮಾರು 74 ದಿನ. ಆತನ ಶುಗರ್, ಹೊಟ್ಟೆ, ಗುಟ್ಕಾ, ಕುಡಿತ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ನಿಪ್ಪಾಣಿ ಕಡೆ, ಗಡಿ ಊರುಗಳಲ್ಲಿ ಹಲ್ಲಿಗೆ ಮಿಶ್ರಿ ಹಚ್ಚುವ ಹೆಂಗಸರೂ ಇದ್ದಾರೆ. ಅದು ಹಲ್ಲುಪುಡಿಯಲ್ಲ, ಹುರಿದ ತಂಬಾಕು. ಕೇಳದ ಹೊರತು ಯಾರೂ ಹೇಳುವುದಿಲ್ಲ.

ಮುಂದಿನ ಗರ್ಭ ನಿಂತ ವಾರ ಮಾಡಬೇಕಾದದ್ದು ಕಡಿಮೆ. ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದವರು ವೈದ್ಯರು ಮೊದಲೇ ಹೇಳಿಟ್ಟಂತೆ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್. ಶುಗರ್ ಇದ್ದವರಿಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ತಾಸಿಗೆ 120ರ ಒಳಗೆ. ಏಳನೇ ವಾರಕ್ಕೆ ಸ್ಕ್ಯಾನ್. ಐದನೇ ವಾರಕ್ಕೇ ಮಾಡಿಸಿ ಬಡಿತ ಕಾಣಲಿಲ್ಲವೆಂದು ಮನೆಮಂದಿಯೆಲ್ಲ ಅಳುವುದು ಬೇಡ. ಹಿಂದೆ ಗರ್ಭಪಾತವಾಗಿ ಈಗ ರಕ್ತಸ್ರಾವ ಕಂಡರೆ ಪ್ರೊಜೆಸ್ಟರಾನ್ 400 ಮಿಲಿಗ್ರಾಂ ದಿನಕ್ಕೆ ಎರಡು ಸಲ ಯೋನಿಯಲ್ಲಿ ಇಡುವುದಕ್ಕೆ ಪುರಾವೆ ಇದೆ. ರಕ್ತಸ್ರಾವವೇ ಇಲ್ಲದವರಿಗೆ ಅಷ್ಟು ಆಧಾರವಿಲ್ಲ.

ಮತ್ತೂ ಗರ್ಭ ಹೋದರೆ, ಹೊರಬಂದದ್ದನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಲು ಆಸ್ಪತ್ರೆಗೆ ಮೊದಲೇ ಹೇಳಿಡಿ. ಸ್ಟೆರೈಲ್ ಡಬ್ಬಿ, ಅದರಲ್ಲಿ ನಾರ್ಮಲ್ ಸಲೈನ್, ತಣ್ಣಗೆ ಇಟ್ಟು ಕಳಿಸಬೇಕು, ಹೆಪ್ಪುಗಟ್ಟಿಸಬಾರದು. ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಜೀವಕೋಶ ಬೆಳೆಸಲು ಬರುವುದಿಲ್ಲ, ಡಿಎನ್ಎಯೂ ಕೆಡುತ್ತದೆ. ಕ್ರೋಮೋಸೋಮ್ ತಪ್ಪಿತ್ತು ಎಂದು ಬಂದರೆ ಆಕೆಯ ಊಟ, ಔಷಧಿ ಬದಲಿಸುವ ಅಗತ್ಯವಿಲ್ಲ. ಸರಿಯಿತ್ತು ಎಂದು ಬಂದರೆ ಸಕ್ಕರೆ, ಥೈರಾಯ್ಡ್, ಪ್ರತಿಕಾಯಗಳ ಕಡತವನ್ನು ಮೊದಲಿಂದ ತೆರೆಯಬೇಕು.